ಅನುಮಾನಕ್ಕೆ ಎರಡು ಅರ್ಥ

ಪತ್ತೇದಾರಿ ಕಾದಂಬರಿಗಳ ಬಗ್ಗೆ ಈ ಪುಟಗಳಲ್ಲಿ ಬರೆಯುತ್ತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಅಂತಹ ಪುಸ್ತಕ ಮಕ್ಕಳ ಕೈಯಲ್ಲಿ ಕಂಡರೆ ಹಿರಿಯರು ಕಿತ್ತು ಬದಿಗಿಡುತ್ತಿದ್ದ ಕಾಲವೊಂದಿತ್ತು. ನನ್ನ ಕೈಯಿಂದಲೂ ಕಿತ್ತದ್ದುಂಟು. ಆದರೆ ಆ ಪುಸ್ತಕಗಳಿಂದ ನಾನೊಂದು ಪಾಠ ಕಲಿತಿದ್ದೆ. ಅದನ್ನು ತಪ್ಪಾಗಿ ಕಲಿತೆ. ಅದರ ಏಟು ಬಿದ್ದದ್ದು ನನಗಲ್ಲ, ಒಬ್ಬ ಬಡ ಹೆಣ್ಣುಮಗಳ ಬದುಕಿಗೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಲಿಕ್ಕಾಗಿಯೇ ಈ ಲೇಖನ.

ಎಂಬತ್ತರ ದಶಕದಲ್ಲಿ ನಾನು ಕಾಪುವಿನಿಂದ ಉಡುಪಿಗೆ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಬಸ್ ನಿಲ್ದಾಣದ ಹತ್ತಿರದ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ನಾಲ್ಕಾಣೆ ಕೊಟ್ಟರೆ ಒಂದು ದಿನದ ಮಟ್ಟಿಗೆ ಒಂದು ಕಾದಂಬರಿ ಸಿಗುತ್ತಿತ್ತು. ಹೆಚ್ಚಿನವು ಎನ್. ನರಸಿಂಹಯ್ಯನವರವು. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಆ ಮನುಷ್ಯ 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ದಿಂದ ತೊಡಗಿ ಸುಮಾರು ಐನೂರು ಕಾದಂಬರಿಗಳನ್ನು ಬರೆದರು. 2011ರಲ್ಲಿ ತೀರಿಕೊಂಡರು. ಕನ್ನಡದ ವಿಮರ್ಶಕರು ಅವರನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಆದರೆ ಅಕ್ಷರ ಕಲಿತು ಅದನ್ನು ಮರೆಯುವ ಹಂತದಲ್ಲಿದ್ದ ಸಾವಿರಾರು ಜನರಿಗೆ ಓದುವ ಚಟ ಹಿಡಿಸಿದವರಲ್ಲಿ ಅವರೂ ಒಬ್ಬರು ಎಂಬುದನ್ನು ನಾನಂತೂ ಅಲ್ಲಗಳೆಯಲಾರೆ.

ಪತ್ತೇದಾರಿ ಕಥೆ ಬರೆಯುವವನ ಕಸುಬಿನ ಬಗ್ಗೆ ಸ್ವಲ್ಪ ಯೋಚಿಸಿ ನೋಡಿ. ಅಪರಾಧಿ ಯಾರೆಂದು ಅವನಿಗೆ ಮೊದಲೇ ಗೊತ್ತು. ಕೊನೆಯಿಂದ ಆರಂಭಕ್ಕೆ ಹಿಮ್ಮುಖವಾಗಿ ನಡೆದು ಬಂದು ದಾರಿಯುದ್ದಕ್ಕೂ ಒಂದೊಂದು ಸುಳಿವನ್ನು ಅವನು ಬೀಳಿಸಿರುತ್ತಾನೆ. ಪತ್ತೇದಾರ ಅವುಗಳನ್ನು ಒಂದೊಂದಾಗಿ ಹೆಕ್ಕುತ್ತಾ ಬಂದಾಗ ನಮಗೆ ಅವನ ಬುದ್ಧಿಯ ಬಗ್ಗೆ ಬೆರಗಾಗುತ್ತದೆ. ಬೆರಗಾಗಬೇಕಾದದ್ದೇನೂ ಅಲ್ಲಿಲ್ಲ, ಇಟ್ಟವನೇ ಎತ್ತಿದ್ದಾನೆ ಅಷ್ಟೆ.

ಆದರೆ ಬರೆಯುವವನಿಗೆ ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯಿದೆ. ಅದು ನನಗೆ ಬಹಳ ತಡವಾಗಿ ಹೊಳೆಯಿತು. ಓದುಗ ಮೊದಲು ಯಾರನ್ನು ಸಂಶಯಿಸುತ್ತಾನೆ ಎಂಬುದು ಅವನಿಗೆ ಗೊತ್ತಿರಬೇಕು. ಮನೆಗೆಲಸದವನು, ಪರವೂರಿನಿಂದ ಬಂದ ಬಾಡಿಗೆದಾರ, ಕೆನ್ನೆಯ ಮೇಲೆ ಗಾಯದ ಗುರುತಿರುವವನು, ಸಾಲದಲ್ಲಿ ಮುಳುಗಿದ ಸಂಬಂಧಿಕ. ಇವರನ್ನು ಮುಂದೆ ನಿಲ್ಲಿಸಿ ನಿಜವಾದ ಅಪರಾಧಿಯನ್ನು ಅವರ ಬೆನ್ನ ಹಿಂದೆ ಬಚ್ಚಿಡುತ್ತಾನೆ. ಯಾವ ಮಾಲು ಬಿಕರಿಯಾಗುತ್ತದೆಂದು ಅಂಗಡಿಯವನಿಗೆ ಗೊತ್ತಿರುವ ಹಾಗೆ, ನಮ್ಮ ಪೂರ್ವಗ್ರಹ ಎತ್ತ ಓಡುತ್ತದೆಂದು ಅವನಿಗೆ ಗೊತ್ತು. ನಾವು ಬಡವನನ್ನೂ ಅಪರಿಚಿತನನ್ನೂ ಮೊದಲು ಸಂಶಯಿಸದಿದ್ದರೆ ಆ ಕಸುಬೇ ನಡೆಯುವುದಿಲ್ಲ. ನಾನು ನೂರಾರು ಪುಸ್ತಕ ಓದಿದೆ, ನೂರಾರು ಸಲ ಮೋಸಹೋದೆ. ಆದರೂ ಮೋಸಹೋದದ್ದು ನನ್ನದೇ ಮನಸ್ಸಿನಿಂದ ಎಂದು ತಿಳಿಯಲಿಲ್ಲ. ನಾನೂ ಪತ್ತೇದಾರನಾಗಬಲ್ಲೆ ಎಂದಷ್ಟೇ ತಿಳಿದೆ.

1984ರಲ್ಲಿ ನಮ್ಮ ಅಕ್ಕನ ನಿಕಾಹ್ ನಿಶ್ಚಯವಾಗಿತ್ತು. ಮನೆಯಲ್ಲಿ ಕೆಲಸಕ್ಕೆ ಕಾರ್ಕಳದ ಕಡೆಯ ಒಬ್ಬಳು ಹುಡುಗಿಯಿದ್ದಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ತಂದೆ ತೀರಿಕೊಂಡಿದ್ದರು. ನಿಕಾಹಿಗೆ ಒಂಬತ್ತು ದಿನ ಇರುವಾಗ ಅಕ್ಕನ ಎರಡು ಪವನಿನ ಸರ ಕಾಣೆಯಾಯಿತು. ಉಮ್ಮ ಹುಡುಕಿದರು, ಅಕ್ಕ ಅತ್ತಳು, ಬಂದಿದ್ದ ಸಂಬಂಧಿಕರೆಲ್ಲ ಹಾಸಿಗೆ ಕೊಡವಿದರು. ಆಗ ನನ್ನೊಳಗಿನ ಪತ್ತೇದಾರ ಎದ್ದು ನಿಂತ.

ನನ್ನ ಬಳಿ ಸುಳಿವುಗಳಿದ್ದವು ನೋಡಿ! ಆ ಬೆಳಿಗ್ಗೆ ಅಕ್ಕನ ಕೋಣೆ ಗುಡಿಸಿದವಳು ಅವಳು. ಹಿಂದಿನ ರಾತ್ರಿಯಷ್ಟೇ 'ಒಂದು ದಿನ ಊರಿಗೆ ಹೋಗಿ ಬರಲಾ?' ಎಂದು ಉಮ್ಮನಲ್ಲಿ ಕೇಳಿದ್ದಳು. ಕಾಲಿನಲ್ಲಿ ಹೊಸ ಚಪ್ಪಲಿಯಿತ್ತು. ಅವಳು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನಾನು ಅವಳ ಬಟ್ಟೆಯ ಚೀಲವನ್ನು ತಡಕಾಡಿದೆ. ಸರ ಸಿಗಲಿಲ್ಲ. ಆಗಲೇ ಬೇರೆ ಕಡೆ ಸಾಗಿಸಿದ್ದಾಳೆ ಎಂದುಕೊಂಡೆ. ಕರೆದು ಕೇಳಿದಾಗ ನೆಲ ನೋಡಿದಳು, ಮಾತು ತಡವರಿಸಿತು. ಅಪರಾಧಿಯ ಲಕ್ಷಣ ಎಂದುಕೊಂಡೆ. ಮರುಕ್ಷಣ ತಲೆಯೆತ್ತಿ 'ನಾನು ತೆಗೆದಿಲ್ಲ' ಎಂದು ಗಟ್ಟಿಯಾಗಿ ಹೇಳಿದಳು. ಎಷ್ಟು ಧೈರ್ಯ ನೋಡಿ ಎಂದುಕೊಂಡೆ.

ನಾವು ಪೊಲೀಸರಿಗೆ ಹೇಳಲಿಲ್ಲ. ಅದನ್ನೇ ದೊಡ್ಡ ಉಪಕಾರವೆಂದು ಭಾವಿಸಿದ್ದೆವು. ನಾಳೆಯಿಂದ ಬರುವುದು ಬೇಡ ಎಂದು ಉಮ್ಮ ಅವಳ ಸಂಬಳ ಲೆಕ್ಕ ಹಾಕಿ ಕೊಟ್ಟು ಕಳುಹಿಸಿದರು. ನಿಕಾಹಿಗೆ ಬಂದವರೆಲ್ಲ ಸರದ ವಿಷಯ ಕೇಳುತ್ತಿದ್ದರು, ನಾವು ಹೇಳುತ್ತಿದ್ದೆವು.

ಹನ್ನೊಂದು ತಿಂಗಳ ಬಳಿಕ ಹೊಲಿಗೆ ಯಂತ್ರ ಕೆಟ್ಟಿತು. ರಿಪೇರಿಯವನು ಅದರ ಖಾನೆಯನ್ನು ಪೂರ್ತಿ ಹೊರಗೆಳೆದಾಗ ಹಿಂದಿನ ಸಂದಿನಲ್ಲಿ ಸರವಿತ್ತು. ಹೊಲಿಯುವಾಗ ಬಟ್ಟೆಗೆ ಸಿಕ್ಕಿಹಾಕಿಕೊಳ್ಳುತ್ತದೆಂದು ಅಕ್ಕನೇ ಕಳಚಿ ಖಾನೆಯಲ್ಲಿಟ್ಟಿದ್ದಳು.

ನಾನು ಎಲ್ಲಿ ತಪ್ಪಿದೆ? ಅಂದಿನಿಂದ ಇಂದಿನವರೆಗೆ ಈ ಪ್ರಶ್ನೆಯನ್ನು ಬಿಡಲಾಗಲಿಲ್ಲ. ನಮ್ಮ ಕನ್ನಡದಲ್ಲಿ 'ಅನುಮಾನ' ಎಂಬ ಒಂದೇ ಪದಕ್ಕೆ ಎರಡು ಅರ್ಥವಿದೆ. ತರ್ಕಶಾಸ್ತ್ರದಲ್ಲಿ ಅದು ಜ್ಞಾನಕ್ಕೆ ದಾರಿ. ಗುಡ್ಡದಲ್ಲಿ ಹೊಗೆ ಕಂಡರೆ ಬೆಂಕಿಯಿದೆಯೆಂದು ತಿಳಿಯುವುದು. ಮನೆಮಾತಿನಲ್ಲಿ ಅದು ಸಂಶಯ, ಅಂದರೆ ಮನಸ್ಸಿಗೆ ಹತ್ತಿದ ಹುಳ. ಹೊಗೆಯೆಂದು ಕಂಡದ್ದು ಹೊಗೆಯೇ ಅಥವಾ ಮಂಜೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕೆಂದು ಆ ಶಾಸ್ತ್ರದವರೇ ಎಚ್ಚರಿಸುತ್ತಾರೆ. ಕಾರ್ಕಳದಲ್ಲಿ ನಿಂತು ಬೆಳಗಿನ ಹೊತ್ತು ಘಟ್ಟದ ಕಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಬಿಯ 'ಝನ್ನ್' ಎಂಬ ಪದವೂ ಹೀಗೆಯೇ. ಊಹೆಯೂ ಹೌದು, ಗುಮಾನಿಯೂ ಹೌದು, ಕೆಲವೆಡೆ ದೃಢವಾದ ನಂಬಿಕೆಯೂ ಹೌದು. ಸೂರಃ ಅಲ್ ಹುಜುರಾತ್‌ನ ಹನ್ನೆರಡನೆಯ ವಚನದಲ್ಲಿ ವಿಶ್ವಾಸಿಗಳಿಗೆ ದೂರವಿರಲು ಹೇಳಿರುವುದು ಎಲ್ಲ ಊಹೆಗಳಿಂದಲ್ಲ, ಹೆಚ್ಚಿನ ಊಹೆಗಳಿಂದ. ಅದಾದ ಕೂಡಲೇ ಪರರ ಗುಟ್ಟನ್ನು ಕೆದಕುವುದರ ನಿಷೇಧ, ಅದಾದ ಮೇಲೆ ಬೆನ್ನ ಹಿಂದೆ ಆಡಿಕೊಳ್ಳುವುದರ ನಿಷೇಧ. ಈ ಕ್ರಮವನ್ನು ಗಮನಿಸಿ. ಮೊದಲು ಗುಮಾನಿ, ಆಮೇಲೆ ಚೀಲ ತಡಕುವುದು, ಆಮೇಲೆ ನಿಕಾಹಿನ ಪಂಕ್ತಿಯಲ್ಲಿ ಮಾತು. ನಮ್ಮ ಮನೆಯಲ್ಲಿ ಇವು ಅದೇ ಕ್ರಮದಲ್ಲಿ ನಡೆದವು.

ಹಾಗಾದರೆ ಸರಿಯಾದ ಅನುಮಾನ ಯಾವುದು? ಸೂರಃ ಯೂಸುಫ್ ನಿಮಗೆಲ್ಲ ಪರಿಚಿತ. ಅದರಲ್ಲಿ ಸಾಕ್ಷ್ಯದ ಮಾತು ಮತ್ತೆ ಮತ್ತೆ ಬರುತ್ತದೆ. ಹ. ಯೂಸುಫ್‌(ಅ)ರ ಅಣ್ಣಂದಿರು ಸುಳ್ಳು ರಕ್ತ ಹಚ್ಚಿದ ಅಂಗಿ ತಂದರು. ವ್ಯಾಖ್ಯಾನಕಾರರು ಹೇಳುವಂತೆ ಅಂಗಿ ಎಲ್ಲಿಯೂ ಹರಿದಿರಲಿಲ್ಲ, ತೋಳಕ್ಕೆ ಅಷ್ಟು ನಾಜೂಕು ಎಲ್ಲಿಂದ ಬರಬೇಕು! ಹ. ಯಾಕೂಬ್(ಅ) ನಂಬಲಿಲ್ಲ. ಮುಂದೆ ಈಜಿಪ್ಟಿನಲ್ಲಿ ಒಡತಿಯು ಯೂಸುಫ್‌(ಅ)ರ ಮೇಲೆ ಆರೋಪ ಹೊರಿಸಿದಾಗ ಅವಳ ಕಡೆಯವನೇ ಒಬ್ಬ ಪರೀಕ್ಷೆಯೊಂದನ್ನು ಸೂಚಿಸಿದ. ಅಂಗಿ ಮುಂದಿನಿಂದ ಹರಿದಿದ್ದರೆ ಅವಳ ಮಾತು ನಿಜ, ಹಿಂದಿನಿಂದ ಹರಿದಿದ್ದರೆ ಇವರ ಮಾತು ನಿಜ. ಅಂಗಿ ಹಿಂದಿನಿಂದ ಹರಿದಿತ್ತು.

ನಾನು ಈ ವೃತ್ತಾಂತವನ್ನು ಬಾಲ್ಯದಿಂದಲೂ ಕೇಳಿದ್ದೆ, ಆದರೆ ಅದರ ಒಂದು ಅಂಶ ಗಮನಕ್ಕೆ ಬಂದಿರಲಿಲ್ಲ. ಆತ ಎರಡೂ ಸಾಧ್ಯತೆಗಳನ್ನು ಅಂಗಿ ನೋಡುವ ಮೊದಲೇ ಹೇಳಿಬಿಟ್ಟ. ಯೂಸುಫ್(ಅ) ತಪ್ಪಿತಸ್ಥರೆಂದು ಯಾವುದು ತೋರಿಸೀತು, ನಿರಪರಾಧಿಯೆಂದು ಯಾವುದು ತೋರಿಸೀತು ಎಂದು ಮೊದಲೇ ನಿಶ್ಚಯವಾಯಿತು. ಆಮೇಲೆ ಕಣ್ಣು ಬಿಟ್ಟು ನೋಡಿದರು. ನನ್ನ ವಿಚಾರಣೆಯಲ್ಲಿ ಆ ಹುಡುಗಿಯನ್ನು ಬಿಡಿಸಬಲ್ಲ ಸುಳಿವು ಯಾವುದಿತ್ತು? ಸರ ಅವಳ ಚೀಲದಲ್ಲಿ ಸಿಕ್ಕಿದ್ದರೆ ಕಳ್ಳಿ, ಸಿಗದಿದ್ದರೆ ಜಾಣ ಕಳ್ಳಿ. ಅತ್ತರೆ ನಾಟಕ, ಅಳದಿದ್ದರೆ ಕಲ್ಲುಮನಸ್ಸು. ಅವಳ ಅಂಗಿ ಯಾವ ಕಡೆಯಿಂದ ಹರಿದಿದ್ದರೂ ನಾನು ಅವಳನ್ನೇ ಹಿಡಿಯುತ್ತಿದ್ದೆ. ಇದನ್ನು ತರ್ಕವೆಂದು ಕರೆಯಬಹುದೇ? ಮನಸ್ಸು ಮೊದಲೇ ತೀರ್ಪು ಬರೆದಿಟ್ಟು ಬುದ್ಧಿಯನ್ನು ಗುಮಾಸ್ತನಂತೆ ಸಹಿಗೆ ಕೂರಿಸಿತ್ತು.

ಅದೇ ಸೂರಃದಲ್ಲಿ ಇನ್ನೂ ಒಂದಿದೆ. ಕಿರಿಯ ತಮ್ಮನ ಚೀಲದಲ್ಲಿ ರಾಜನ ಪಾನಪಾತ್ರೆ ಸಿಕ್ಕಿತು. ಕಣ್ಣೆದುರೇ ಸಿಕ್ಕಿದ ಮಾಲು! ಆದರೂ ಆ ತಮ್ಮ ಕಳ್ಳನಾಗಿರಲಿಲ್ಲ, ಅದನ್ನು ಅಲ್ಲಿ ಇರಿಸಲಾಗಿತ್ತು. ಆಗ ಅಣ್ಣಂದಿರು ಏನೆಂದರು? ಇವನು ಕದ್ದರೆ ಆಶ್ಚರ್ಯವಿಲ್ಲ, ಇವನ ಅಣ್ಣನೂ ಹಿಂದೆ ಕದ್ದವನೇ ಎಂಬರ್ಥದ ಮಾತಾಡಿದರು. ಯಾರ ಬಗ್ಗೆ ಆಡಿದರೋ ಆ ಯೂಸುಫ್(ಅ) ಅವರೆದುರಿಗೇ ಇದ್ದರು, ಮತ್ತು ಅದನ್ನು ಮನಸ್ಸಿನಲ್ಲೇ ನುಂಗಿಕೊಂಡರು. ಮನುಷ್ಯ ಸ್ವಭಾವವೇ ಹಾಗೆ. ಆರೋಪ ಒಂದು ಬಂದರೆ ಸಾಕು, ಅದಕ್ಕೆ ತಕ್ಕ ಹಳೆಯ ಚರಿತ್ರೆಯನ್ನು ನಾವೇ ಹೊಲಿದು ಕೊಡುತ್ತೇವೆ. ನಮ್ಮ ಮನೆಯಲ್ಲೂ ಹಿಂದೊಮ್ಮೆ ಕಳೆದಿದ್ದ ಒಂದು ಸ್ಟೀಲ್ ಲೋಟ ಆ ವಾರ ಎಲ್ಲರಿಗೂ ನೆನಪಾಯಿತು.

ಪತ್ತೇದಾರಿ ಕಥೆಗಾರರೆಂದರೆ ಲೋಕವೆಲ್ಲ ಮೊದಲು ಹೆಸರಿಸುವುದು ಆರ್ಥರ್ ಕಾನನ್ ಡಾಯಲ್ ಅವರನ್ನು. ಅವರ ಬದುಕಿನ ಒಂದು ನಿಜಘಟನೆ ಇಲ್ಲಿ ಹೇಳಲೇಬೇಕು, ಏಕೆಂದರೆ ಅದು ನಮ್ಮ ದೇಶದ ರಕ್ತಕ್ಕೂ ಸಂಬಂಧಿಸಿದ್ದು. ಮುಂಬಯಿಯಿಂದ ಹೋದ ಪಾರ್ಸಿ ಮೂಲದ ಒಬ್ಬ ಪಾದ್ರಿ ಇಂಗ್ಲೆಂಡಿನ ಗ್ರೇಟ್ ವೈರ್ಲಿ ಎಂಬ ಹಳ್ಳಿಯಲ್ಲಿದ್ದರು. ಅವರ ಮಗ ಜಾರ್ಜ್ ಎಡಲ್ಜಿ ವಕೀಲ. ಆ ಹಳ್ಳಿಯಲ್ಲಿ ರಾತ್ರಿ ಹೊತ್ತು ಯಾರೋ ಕುದುರೆ, ದನಗಳ ಹೊಟ್ಟೆ ಸೀಳುತ್ತಿದ್ದರು. 1903ರಲ್ಲಿ ಎಡಲ್ಜಿಗೆ ಏಳು ವರ್ಷಗಳ ಶಿಕ್ಷೆಯಾಯಿತು. ಮೂರು ವರ್ಷ ಜೈಲಿನಲ್ಲಿ ಕಳೆದು ಹೊರಬಂದಾಗ ಡಾಯಲ್ ಅವರನ್ನು ಹೋಟೆಲೊಂದರಲ್ಲಿ ಭೇಟಿಯಾದರು. ದೂರದಿಂದಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಆ ಮನುಷ್ಯ ಪತ್ರಿಕೆಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ಓರೆಯಾಗಿ ಓದುತ್ತಿದ್ದ. ಇಷ್ಟು ದೃಷ್ಟಿದೋಷವಿರುವವನು ಕತ್ತಲೆಯಲ್ಲಿ ಬೇಲಿ, ರೈಲುಹಳಿ ದಾಟಿ ಹೋಗಿ ಕುದುರೆಯ ಹೊಟ್ಟೆ ಸೀಳಬಲ್ಲನೇ? ಡಾಯಲ್ 1907ರಲ್ಲಿ ಪತ್ರಿಕೆಯಲ್ಲಿ ಬರೆದರು, ಗದ್ದಲವೆದ್ದಿತು. ಅದೇ ವರ್ಷ ಎಡಲ್ಜಿಗೆ ಕ್ಷಮಾದಾನ ಸಿಕ್ಕಿತು, ಆದರೆ ಪರಿಹಾರ ಸಿಗಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಚೆಂದದ ಕಥೆ. ಆದರೆ ಡಾಯಲ್ ಅಲ್ಲಿಗೆ ನಿಲ್ಲಲಿಲ್ಲ. ನಿಜವಾದ ಅಪರಾಧಿ ಇವನೇ ಎಂದು ಅದೇ ಪ್ರದೇಶದ ಇನ್ನೊಬ್ಬನ ಕಡೆ ಬೆರಳು ತೋರಿಸಿ ಸರಕಾರಕ್ಕೆ ಬರೆದುಕೊಟ್ಟರು. ಸರಕಾರ ಒಪ್ಪಲಿಲ್ಲ. ಒಪ್ಪುವಂಥ ಪುರಾವೆಯೂ ಅಲ್ಲಿರಲಿಲ್ಲ. ಒಬ್ಬನನ್ನು ಬಿಡಿಸಲು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣೇ ಇನ್ನೊಬ್ಬನನ್ನು ಹಿಡಿಸಲು ಹೊರಟಾಗ ಮಂಜನ್ನು ಹೊಗೆಯೆಂದು ಕಂಡಿತು. ಒಬ್ಬ ನಿರಪರಾಧಿಯೆಂದು ತೋರಿಸಲು ಒಂದು ಗಟ್ಟಿ ಸುಳಿವು ಸಾಕಾದೀತು. ಒಬ್ಬ ಅಪರಾಧಿಯೆಂದು ತೋರಿಸಲು ಉಳಿದ ಎಲ್ಲ ದಾರಿಗಳೂ ಮುಚ್ಚಿರಬೇಕು. ಶೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದವರಿಗೇ ಈ ವ್ಯತ್ಯಾಸ ಕೈತಪ್ಪಿತೆಂದರೆ ನನ್ನಂತಹ ಬಾಡಿಗೆ ಪುಸ್ತಕದ ಪತ್ತೇದಾರನ ಪಾಡೇನು!

ಡಾಯಲ್ ಮೂಲತಃ ವೈದ್ಯರು. ಹೋಮ್ಸ್‌ನನ್ನು ಅವರು ರೂಪಿಸಿದ್ದು ಎಡಿನ್‌ಬರೋದಲ್ಲಿ ತಮಗೆ ಕಲಿಸಿದ ಡಾ. ಜೋಸೆಫ್ ಬೆಲ್ ಅವರನ್ನು ನೋಡಿ. ಆದ್ದರಿಂದ ಮಣಿಪಾಲದಲ್ಲಿ ಬಹುಕಾಲ ವೈದ್ಯರಾಗಿದ್ದ ಮಿತ್ರರೊಬ್ಬರಲ್ಲಿ ಒಮ್ಮೆ ಈ ವಿಷಯ ಎತ್ತಿದೆ. ಅವರು ನಕ್ಕರು. 'ರೋಗಿ ಒಳಗೆ ಬರುವಾಗಲೇ ನಮಗೂ ಒಂದು ರೋಗದ ಹೆಸರು ಹೊಳೆಯುತ್ತದೆ. ಬಹಳ ಸಲ ಅದು ಸರಿಯೂ ಇರುತ್ತದೆ, ಅಪಾಯ ಇರುವುದೇ ಅಲ್ಲಿ' ಎಂದರು. ಮಳೆಗಾಲದಲ್ಲಿ ನಮ್ಮ ಕರಾವಳಿಯವನೊಬ್ಬ ಜ್ವರವೆಂದು ಬಂದರೆ ಅದು ಮಲೇರಿಯಾ ಇರಬಹುದು, ಇಲಿಜ್ವರ ಇರಬಹುದು, ಡೆಂಗಿ ಅಥವಾ ಟೈಫಾಯ್ಡ್ ಇರಬಹುದು. ಮೊದಲೆರಡು ದಿನ ಎಲ್ಲವೂ ಒಂದೇ ತರಹ ಕಾಣುತ್ತವೆ. ಹೊಳೆದ ಹೆಸರಿನ ಕೆಳಗೆ ಉಳಿದ ಹೆಸರುಗಳನ್ನೂ ಬರೆದು ರಕ್ತಪರೀಕ್ಷೆಯಿಂದ ಒಂದೊಂದಾಗಿ ಹೊಡೆದುಹಾಕಬೇಕು. ಹಾಗೆ ಮಾಡದವನು ರೋಗಿಯನ್ನು ಕಳೆದುಕೊಳ್ಳುತ್ತಾನೆ ಎಂದರು. ನಾನು ಆ ದಿನ ಬರೆದದ್ದು ಒಂದೇ ಹೆಸರು. ಅದರ ಕೆಳಗೆ 'ಅಕ್ಕ ಎಲ್ಲೋ ಇಟ್ಟು ಮರೆತಿರಬಹುದು' ಎಂಬ ಸಾಲು ಬರೆಯಲು ಒಂದು ನಿಮಿಷವೂ ಬೇಕಾಗಿರಲಿಲ್ಲ.

ಏಕೆ ಬರೆಯಲಿಲ್ಲ? ಇದಕ್ಕೆ ಉತ್ತರವನ್ನು ಜಿ. ಕೆ. ಚೆಸ್ಟರ್‌ಟನ್ ಎಂಬ ಇನ್ನೊಬ್ಬ ಆಂಗ್ಲ ಲೇಖಕರಲ್ಲಿ ಕಂಡೆ. ಅವರ ಪತ್ತೇದಾರ ಒಬ್ಬ ಸಾಧು ಪಾದ್ರಿ, ಹೆಸರು ಫಾದರ್ ಬ್ರೌನ್. ಭೂತಗಾಜು ಹಿಡಿದು ಬೂಟಿನ ಕೆಸರು ನೋಡುವವನಲ್ಲ. ನೀನು ಕೊಲೆಗಾರರನ್ನು ಹೇಗೆ ಪತ್ತೆ ಹಚ್ಚುತ್ತೀ ಎಂದು ಕೇಳಿದವರಿಗೆ 1927ರಲ್ಲಿ ಬಂದ ಪುಸ್ತಕದಲ್ಲಿ ಅವನು ಕೊಡುವ ಉತ್ತರದ ಸಾರ ಇಷ್ಟು: ಆ ಕೊಲೆಯನ್ನು ನಾನೇ ಮಾಡಿದ್ದರೆ ಯಾವ ಮನಸ್ಸಿನಿಂದ ಮಾಡುತ್ತಿದ್ದೆ ಎಂದು ನನ್ನೊಳಗೇ ಇಳಿದು ನೋಡುತ್ತೇನೆ, ಕೊಲೆಗಾರ ಬೇರೆ ಜಾತಿಯ ಪ್ರಾಣಿಯೆಂದು ಭಾವಿಸುವುದಿಲ್ಲ. ನಮ್ಮಲ್ಲಿ ಇದಕ್ಕೆ ಆತ್ಮವಿಮರ್ಶೆ ಎನ್ನುತ್ತೇವೆ, ಮುಹಾಸಬಾ ಎನ್ನುತ್ತೇವೆ. ಆ ದಿನ ಮನೆಯಲ್ಲಿ ಹದಿನೇಳು ಜನರಿದ್ದೆವು. ಹದಿನಾರು ಜನ ವಿಚಾರಣೆಯ ಹೊರಗಿದ್ದೆವು. 'ನಮ್ಮವರು' ಕದಿಯುವುದಿಲ್ಲ, 'ನಮ್ಮವರು' ಮರೆಯುವುದೂ ಇಲ್ಲ. ನಾನೇ ಮೂರು ತಿಂಗಳ ಹಿಂದೆ ಕಾಲೇಜು ಫೀಸಿನಲ್ಲಿ ಹತ್ತು ರೂಪಾಯಿ ಮುಚ್ಚಿಟ್ಟು ಪುಸ್ತಕದ ಬಾಡಿಗೆಗೆ ಬಳಸಿದ್ದೆ. ಅದು ಆಗ ನೆನಪಿಗೇ ಬರಲಿಲ್ಲ.

ನೀವು ಕೇಳಬಹುದು: ಹಾಗಾದರೆ ಯಾರನ್ನೂ ಸಂಶಯಿಸಲೇಬಾರದೇ? ಕಳವು ನಡೆಯುವುದೇ ಇಲ್ಲವೇ? ಬೀಗ ಏಕೆ, ಠಾಣೆ ಏಕೆ? ಈ ಪ್ರಶ್ನೆ ನ್ಯಾಯವಾದದ್ದು. ಕೆಲಸದವರು ಕದ್ದದ್ದೂ ಉಂಟು, ಮನೆಯ ಮಗನೇ ಕದ್ದು ಕೆಲಸದವರ ತಲೆಗೆ ಕಟ್ಟಿದ್ದೂ ಉಂಟು. ಅದೇ ಸೂರಃ ಅಲ್ ಹುಜುರಾತ್, ಸುದ್ದಿ ತಂದವನನ್ನು ನಂಬಿ ಯಾರಿಗಾದರೂ ಅನ್ಯಾಯ ಮಾಡುವ ಮೊದಲು ವಿಚಾರಿಸಿ ನೋಡಿ ಎಂದು ಆಜ್ಞಾಪಿಸುತ್ತದೆ. ವಿಚಾರಿಸುವುದು ತಪ್ಪಾಗಿದ್ದರೆ ಆ ಆಜ್ಞೆ ಬರುತ್ತಿರಲಿಲ್ಲ. ನಮ್ಮ ದೇಶದ ಕಾನೂನನ್ನೇ ನೋಡಿ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಿಗೆ ಬಳಸುವಂತಿರಲಿಲ್ಲ. 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಹೊಸ ಕಾಯಿದೆಯಲ್ಲೂ ಆ ನಿಯಮ ಉಳಿದಿದೆ. ಹೆದರಿದ ಮನುಷ್ಯ ಏನು ಬೇಕಾದರೂ ಹೇಳಿಯಾನು ಎಂದು ಕಾನೂನು ಮಾಡಿದವರಿಗೆ ಗೊತ್ತಿತ್ತು. ನಮ್ಮ ಅಡುಗೆಮನೆಯ ನ್ಯಾಯಾಲಯದಲ್ಲಿ ಮಾತ್ರ ಹುಡುಗಿಯೊಬ್ಬಳು ನೆಲ ನೋಡಿದ್ದೇ ಪುರಾವೆ.

ಇದು ಒಂದು ಮನೆಗೆ ಸೀಮಿತವಾದ ರೋಗವೂ ಅಲ್ಲ. ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' 1985ರಲ್ಲಿ ಬಂದ ಕಾದಂಬರಿ, ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು. ಘಟ್ಟದ ಮೇಲಿನ ಊರೊಂದಕ್ಕೆ ಒಬ್ಬ ಅಧಿಕಾರಿ ಏಲಕ್ಕಿ ಬೆಳೆ ಏಕೆ ಕುಸಿಯಿತೆಂದು ಪತ್ತೆ ಮಾಡಲು ಬರುತ್ತಾನೆ. ಅವನು ಸುಳಿವು ಹುಡುಕುತ್ತಿರುವಾಗ ಊರಿನವರು ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡುತ್ತ ಕೋಮು ಕೋಮುಗಳ ನಡುವೆ ವಿಷ ಏರುತ್ತದೆ, ಕೊನೆಗೆ ಬೆಂಕಿ ಎಲ್ಲವನ್ನೂ ಸುತ್ತಿಕೊಳ್ಳುತ್ತದೆ. ನಮ್ಮ ಜಿಲ್ಲೆಗಳಲ್ಲಿ ಬದುಕುವ ನಮಗೆ ಅದನ್ನು ಓದುವಾಗ ಕಾದಂಬರಿ ಅನ್ನಿಸುವುದಿಲ್ಲ. ಇನ್ನೊಬ್ಬರು ನಮ್ಮನ್ನು ಹೆಸರು, ಟೋಪಿ, ಬುರ್ಖಾ ನೋಡಿ ಮೊದಲೇ ತೀರ್ಮಾನಿಸಿದಾಗ ನಮಗೆಷ್ಟು ನೋವಾಗುತ್ತದೆ! ಅದೇ ನಾವು ಹರಕು ಚೀಲವನ್ನೋ ಹೊಸ ಚಪ್ಪಲಿಯನ್ನೋ ನೋಡಿ ತೀರ್ಮಾನಿಸುತ್ತೇವೆ.

ಸರ ಸಿಕ್ಕ ದಿನ ಉಮ್ಮ ಊಟ ಮಾಡಲಿಲ್ಲ. ಮನುಷ್ಯರಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯರೇ ಕ್ಷಮಿಸಬೇಕು, ನಮಾಝಿನಲ್ಲಿ ಅತ್ತರೆ ಸಾಲದು ಎಂದು ಅವರಿಗೆ ಗೊತ್ತಿತ್ತು. ಮರುದಿನ ನನ್ನನ್ನು ಕರೆದುಕೊಂಡು ಹೊರಟರು. ಪಡುಬಿದ್ರಿಗೆ ಹೋಗಿ ಅಲ್ಲಿಂದ ಬೆಳ್ಮಣ್, ನಿಟ್ಟೆಯ ದಾರಿಯಾಗಿ ಕಾರ್ಕಳದ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಉಮ್ಮ ಒಂದೂ ಮಾತಾಡಲಿಲ್ಲ. ಪೇಟೆಯಿಂದ ಎರಡು ಮೈಲಿ ನಡೆದು ಆ ಮನೆ ಮುಟ್ಟಿದಾಗ ತಾಯಿ, ಮಗಳು ಇಬ್ಬರೂ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಒಳಗೆ ತಮ್ಮ ಮಲಗಿದ್ದ. ಆ ದಿನ ಅವಳು ರಜೆ ಕೇಳಿದ್ದು ಅವನ ಜ್ವರಕ್ಕೆ ಎಂದು ಆಗ ತಿಳಿಯಿತು. ಚಪ್ಪಲಿ? ರಮಝಾನಿನಲ್ಲಿ ನಮ್ಮ ಉಮ್ಮನೇ ಕೊಟ್ಟ ಹಣದಿಂದ ಕೊಂಡದ್ದು. ಉಮ್ಮನಿಗೆ ಅದು ಮರೆತೇ ಹೋಗಿತ್ತು.

ಉಮ್ಮ ಸರದ ವಿಷಯ ಹೇಳಿ, ತಂದಿದ್ದ ಹಣವನ್ನು ಮುಂದಿಟ್ಟು ಅತ್ತರು. ನಾನು ತಲೆ ತಗ್ಗಿಸಿ 'ನನ್ನದೇ ತಪ್ಪು, ಕ್ಷಮಿಸಬೇಕು' ಎಂದೆ. ತಾಯಿ ಹಣ ಮುಟ್ಟಲಿಲ್ಲ. ಶಿರ್ವದಿಂದ ಬಂದಿದ್ದ ಸಂಬಂಧವೊಂದು, ಹುಡುಗಿಯ ಕೈ ಶುದ್ಧವಿಲ್ಲವಂತೆ ಎಂಬ ಮಾತಿನಿಂದ ಮುರಿದುಹೋದದ್ದನ್ನು ಬಯ್ಯದೆ, ದನಿ ಏರಿಸದೆ ಹೇಳಿದರು. 'ಅಲ್ಲಾಹನ ವಿಧಿ ಮೋನೇ' ಎಂದರು. ನನಗೆ ಅವರು ಬಯ್ದಿದ್ದರೆ ಹಗುರಾಗುತ್ತಿತ್ತು.

ಹುಡುಗಿ ಮಾತ್ರ ಎಲೆ ಕತ್ತರಿಸುವುದನ್ನು ನಿಲ್ಲಿಸಿರಲಿಲ್ಲ. ನಾವು ಏಳುವ ಹೊತ್ತಿಗೆ ಉಮ್ಮನನ್ನು ನೋಡಿ ಕೇಳಿದಳು, 'ಸರ ಸಿಕ್ಕಿದ್ದನ್ನು ಕಾಪುವಿನಲ್ಲಿ ಎಷ್ಟು ಮನೆಗೆ ಹೇಳಿದಿರಿ?'

ಎರಡು ಮನೆಗೆ ಹೇಳಿದ್ದೆವು. ಅದೂ, ಸರ ಸಿಕ್ಕಿತು ಎಂಬ ಸಂತೋಷಕ್ಕೆ.

ಕಾಪುವಿಗೆ ಮರಳಿದ ಮೇಲೆ ಉಮ್ಮ ಒಂದು ವಾರ ದಿನವೂ ಅಸರ್ ನಮಾಝ್ ಮುಗಿಸಿ ಹೊರಡುತ್ತಿದ್ದರು. ನಿಕಾಹಿಗೆ ಬಂದಿದ್ದ, ಕಳವಿನ ಮಾತು ಕೇಳಿದ್ದ ಒಂದೊಂದು ಮನೆಗೂ ನನ್ನನ್ನು ಜೊತೆಗೆ ಕರೆದೊಯ್ದರು. ಹೇಳುವ ಕೆಲಸ ನನ್ನದು. ಕೆಲವರಿಗೆ ಕಳವು ನೆನಪಿತ್ತು, ಹುಡುಗಿಯ ಮುಖ ನೆನಪಿರಲಿಲ್ಲ. ಒಂದಿಬ್ಬರು ಕಣ್ಣೊರೆಸಿಕೊಂಡರು. ಕೊನೆಯ ಮನೆ ದೀಪಸ್ತಂಭದ ಕಡೆಯದು. ಅಲ್ಲಿ ವಯಸ್ಸಾದ ಒಬ್ಬ ಮಾಮಿ ನಾನು ಹೇಳಿದ್ದನ್ನೆಲ್ಲ ಗಮನವಿಟ್ಟು ಕೇಳಿ, ಉಮ್ಮನಿಗೆ ಎಲೆಯಡಿಕೆಯ ತಟ್ಟೆ ಮುಂದೆ ಸರಿಸಿ ಹೇಳಿದರು:

'ಸಿಕ್ಕಿತಲ್ಲ, ಒಳ್ಳೆಯದಾಯಿತು. ಆದರೂ ಆ ಹುಡುಗಿಯ ಮೇಲೆ ನನಗೆ ಮೊದಲಿನಿಂದಲೂ ಒಂದು ಅನುಮಾನ ಇತ್ತು.'